ಎರಡು ರಿಂಗಿಗೆ ಮುಚ್ಚಿಹೋದ ಕಡತಗಳು

ಮಾಜಿ ಸೈನಿಕರ ಆರೋಗ್ಯ ಸೇವೆಯ ಮುಖ್ಯ ಆಯುಕ್ತರಿಗೆ,

ಮಾನ್ಯರೇ,

ರೋಗಿ ಫೋನು ಎತ್ತುವ ಮೊದಲೇ ಕರೆ ಕತ್ತರಿಸಿ, ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ದಾಖಲಿಸುವ ಕೆಲಸವನ್ನು ನಾನು ನಿಮ್ಮ ಆಸ್ಪತ್ರೆಯಲ್ಲಿ ಒಂದೂವರೆ ವರ್ಷ ಮಾಡಿದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಏನು ಕೆಲಸ ಎಂದು ಯಾರಾದರೂ ಕೇಳಿದರೆ, ರೋಗಿಗಳಿಗೆ ದಿನಾಂಕ ಕೊಡುವ ಕೆಲಸ ಎನ್ನುತ್ತಿದ್ದೆ. ಹಾಗೆ ಕರೆ ಕತ್ತರಿಸಿದ್ದಕ್ಕಾಗಿ ಹೋದ ತಿಂಗಳು ನೀವು ನನ್ನನ್ನು ವಜಾ ಮಾಡಿದಿರಿ. ಸರಿಯಾಗಿಯೇ ಮಾಡಿದಿರಿ, ಆ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಇಷ್ಟು: ನಾನು ತಪ್ಪಾಗಿ 1,142 ಕಡತಗಳನ್ನು ಮುಚ್ಚಿದ್ದೇನೆಂದು ವಜಾ ಆದೇಶದಲ್ಲಿ ನೀವೇ ಬರೆದಿದ್ದೀರಿ. ಹಾಗಿದ್ದರೆ ಅವುಗಳಲ್ಲಿ ಒಂದನ್ನಾದರೂ ಇದುವರೆಗೆ ಏಕೆ ತೆರೆದಿಲ್ಲ?

ನಾನು ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು. ಕೂತಲ್ಲಿ ಕೂರಲಾಗದ ಸ್ವಭಾವ. ಮೂರು ವರ್ಷದಲ್ಲಿ ಐದು ಕೆಲಸ ಬದಲಿಸಿದ್ದೆ. ನಿಮ್ಮಲ್ಲಿ ಗುತ್ತಿಗೆಯ ಮೇಲೆ ಸೇರಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ನನ್ನನ್ನು ಸಾಕಿದ ದೊಡ್ಡಪ್ಪ. ಅವರು ಇಪ್ಪತ್ತೆರಡು ವರ್ಷ ಫಿರಂಗಿ ದಳದಲ್ಲಿದ್ದವರು. ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ಬಲಗಿವಿಗೆ ಅರೆಬರೆ ಕೇಳಿಸುತ್ತಿತ್ತು. ಹೋದ ವರ್ಷ ಅದರಿಂದ ಕೀವು ಸೋರತೊಡಗಿದಾಗ ನಿಮ್ಮ ಆಸ್ಪತ್ರೆಯ ವೈದ್ಯರು ನೋಡಿ, ಸೋಂಕು ಮೂಳೆಗೆ ತಗುಲಿದೆ, ಎರಡು ತಿಂಗಳೊಳಗೆ ಕಿವಿತಜ್ಞರಿಗೆ ತೋರಿಸಬೇಕು ಎಂದು ಚೀಟಿ ಬರೆದರು. ಚೀಟಿ ಭೇಟಿ ನಿಗದಿ ವಿಭಾಗಕ್ಕೆ ಬಂತು. ಅಂದರೆ ನನ್ನ ಕೋಣೆಗೆ.

ಆ ಕೋಣೆಯನ್ನು ನೀವು ನೋಡಿರಲಾರಿರಿ. ಎಕ್ಸ್‌ರೇ ವಿಭಾಗದ ಹಿಂದೆ, ಕಿಟಕಿಯಿಲ್ಲದೆ, ಐದು ಕುರ್ಚಿ, ಐದು ಕಂಪ್ಯೂಟರು. ಗೋಡೆಯ ಮೇಲೊಂದು ಫಲಕ. ಅದರಲ್ಲಿ ‘ಕಾಯುತ್ತಿರುವವರು’ ಎಂಬ ಪದ ಮತ್ತು ಒಂದು ಸಂಖ್ಯೆ. ನಮ್ಮ ಪರದೆಯ ಮೇಲೆ ರೋಗಿಯ ಹೆಸರಾಗಲಿ ಫೋನ್ ನಂಬರಾಗಲಿ ಬರುವುದಿಲ್ಲ, ಕಡತದ ಸಂಖ್ಯೆ ಮಾತ್ರ. ರೋಗಿಗಳ ಗೋಪ್ಯತೆಗಾಗಿ ಹಾಗೆ ಮಾಡಿದ್ದೆಂದು ಹೇಳಿಕೊಟ್ಟಿದ್ದರು. ಒಂದು ಗುಂಡಿ ಒತ್ತಿದರೆ ಯಂತ್ರವೇ ಕರೆ ಮಾಡುತ್ತದೆ. ರೋಗಿ ಸಿಕ್ಕರೆ ದಿನಾಂಕ ಕೊಡಬೇಕು. ಮೂರು ಕರೆಗೂ ಸಿಗದಿದ್ದರೆ ಕಡತ ತಾನಾಗಿಯೇ ‘ರೋಗಿಗೆ ಆಸಕ್ತಿಯಿಲ್ಲ’ ಎಂಬ ಷರಾ ಹೊತ್ತು ಮುಚ್ಚಿಕೊಳ್ಳುತ್ತದೆ. ಗೋಡೆಯ ಮೇಲಿನ ಸಂಖ್ಯೆ ಒಂದು ಇಳಿಯುತ್ತದೆ. ಕಿವಿ ವಿಭಾಗದ ರೋಗಿಗಳಿಗೂ ಇದೇ ವ್ಯವಸ್ಥೆ. ಕಿವುಡರನ್ನು ಫೋನು ಮಾಡಿ ಕರೆಯಬೇಕೆಂದು ಯೋಚಿಸಿದ ಮಹನೀಯರು ಯಾರು ಸ್ವಾಮಿ? ಅವರಿಗೆ ಬಡ್ತಿ ಸಿಕ್ಕಿದೆಯೇ?

ಸೇರಿದ ಮೊದಲ ವಾರವೇ ನಮ್ಮ ಮೇಲ್ವಿಚಾರಕರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಕೆಲಸ ಕಲಿಸಿದರು. ತಿಂಗಳ ಕೊನೆಯ ಐದು ದಿನ, ಮೇಲಕ್ಕೆ ವರದಿ ಹೋಗುವ ಮುಂಚೆ, ಎರಡು ರಿಂಗಿಗೆ ಕತ್ತರಿಸಬೇಕು; ಮೂರು ಕರೆಯನ್ನೂ ಒಂದೇ ಉಸಿರಿಗೆ ಮುಗಿಸಬೇಕು.

“ಸಾರ್, ಎರಡು ರಿಂಗಿಗೆ ಯಾರು ಎತ್ತುತ್ತಾರೆ? ವಯಸ್ಸಾದವರಿಗೆ ಕನ್ನಡಕ ಹುಡುಕೋಕೇ ಅಷ್ಟು ಹೊತ್ತು ಬೇಕು” ಅಂದೆ.

“ಎತ್ತಿಬಿಟ್ರೆ ದಿನಾಂಕ ಎಲ್ಲಿಂದ ತರ್ತೀಯಮ್ಮ? ನಿಮ್ಮ ಮನೆಯಿಂದಲಾ? ಕಿವಿಗೆ ಇರೋದೇ ಇಬ್ಬರು ಡಾಕ್ಟರು.”

“ಆದ್ರೆ ನಿಯಮ...”

“ನಿಯಮ ಮೂರು ಕರೆ ಅನ್ನುತ್ತೆ. ಮೂರು ದಿನ ಅಂತ ಎಲ್ಲಾದ್ರೂ ಬರೆದಿದ್ರೆ ತೋರಿಸು, ನಾನೇ ಎದ್ದು ಹೋಗ್ತೀನಿ.”

ನಿಯಮಗಳ ಪುಸ್ತಕವನ್ನು ನಾನು ಮೂರು ಸಲ ತಿರುವಿ ಹಾಕಿದೆ. ನಿಜ, ಎಲ್ಲೂ ಬರೆದಿರಲಿಲ್ಲ. ಬರೆದಿಲ್ಲದ್ದನ್ನೇ ನೆಪ ಮಾಡಿಕೊಂಡು ನಾನೂ ಗುಂಡಿ ಒತ್ತುತ್ತ ಹೋದೆ. ಮೇಲ್ವಿಚಾರಕರು ಕೆಟ್ಟವರು ಎಂದು ಹೇಳಿ ನನ್ನ ಕೈ ತೊಳೆದುಕೊಳ್ಳಲಾರೆ. ಮಗಳ ಓದಿನ ಚಿಂತೆಯಲ್ಲಿದ್ದ, ಮಧ್ಯಾಹ್ನ ಎಲ್ಲರಿಗೂ ಚಹಾ ತರಿಸುತ್ತಿದ್ದ ಸಾಧಾರಣ ಮನುಷ್ಯ. ಸಂಖ್ಯೆ ನೂರಕ್ಕಿಂತ ಕೆಳಗಿಳಿದ ದಿನ ಚಹಾದ ಜೊತೆ ಬಿಸ್ಕತ್ತೂ ಬರುತ್ತಿತ್ತು. ನಾನೂ ತಿಂದಿದ್ದೇನೆ.

ಇನ್ನು ದೊಡ್ಡಪ್ಪನ ವಿಷಯ. “ನಿಮ್ಮ ಕಡತ ಎಲ್ಲಿದೆ ನೋಡ್ಲಾ?” ಎಂದು ಒಮ್ಮೆ ಕೇಳಿದ್ದಕ್ಕೆ, “ಮುಟ್ಟಿದ್ರೆ ಕೈ ಮುರೀತೀನಿ. ನನ್ನ ಮುಂದೆ ನಿಂತಿರೋನೂ ನನ್ನ ಹಾಗೇ ಸಿಪಾಯಿ. ಸರದಿ ಬಂದಾಗ ಕರೀತಾರೆ” ಎಂದಿದ್ದರು. ಸರದಿಗಾಗಿ ಅವರು ಕಾದ ರೀತಿಯನ್ನು ನೀವು ತಿಳಿಯಬೇಕು. ಫೋನಿನ ಸದ್ದು ಕೇಳಿಸದು ಎಂದು ಅದನ್ನು ನಡುಗುವಂತೆ ಇಟ್ಟು, ಅಂಗಿಯ ಎಡಜೇಬಿನಲ್ಲಿ ಹಾಕಿ, ಜಾರದಂತೆ ಪಿನ್ನು ಚುಚ್ಚಿಕೊಂಡಿದ್ದರು. ಮಲಗಿದರೂ ಅಂಗಿ ಬಿಚ್ಚುತ್ತಿರಲಿಲ್ಲ. ಎದೆಗೆ ನಡುಕ ತಾಕಿದರೆ ಪಿನ್ನು ಬಿಚ್ಚಿ, ಅಡುಗೆಮನೆಯಲ್ಲಿರುವ ದೊಡ್ಡಮ್ಮನಿಗೆ ತಲುಪಿಸಬೇಕು, ಅವರು ಮಾತಾಡಬೇಕು. ಒಮ್ಮೆ ಸಂಜೆ ನಾನು ಕೆಲಸದಿಂದ ಬಂದಾಗ, “ಇವತ್ತು ಯಾವುದೋ ಫೋನ್ ಬಂದು ಬಂದು ಹೋಯ್ತು ಕಣೇ” ಎಂದು ದೊಡ್ಡಪ್ಪ ಅಂದರು. “ಸಾಲ ಬೇಕಾ ಅಂತ ಕೇಳೋರು ಇರ್ಬೇಕು ಬಿಡಿ” ಎಂದು ಚಪ್ಪಲಿ ಬಿಚ್ಚುತ್ತ ಕೂಗಿ ಹೇಳಿದೆ. ಅವರು ನಂಬಿದರು.

ಅದಾಗಿ ಏಳು ತಿಂಗಳ ನಂತರ ಜ್ವರ ಬಂದು ನಾನು ರಜೆ ಹಾಕಿದ್ದೆ. ತಿಂಗಳ ಇಪ್ಪತ್ತೆಂಟನೇ ತಾರೀಖು, ಮಧ್ಯಾಹ್ನ. ಎದುರಿನ ಕುರ್ಚಿಯಲ್ಲಿ ಕೂತಿದ್ದ ದೊಡ್ಡಪ್ಪ ಎದೆ ಹಿಡಿದುಕೊಂಡು ಎದ್ದರು. “ಬಂತು, ಬಂತು! ಏ, ಬಾರೇ ಇಲ್ಲಿ!” ಎಂದು ಅಡುಗೆಮನೆಯ ಕಡೆ ಓಡಿದರು. ಪಿನ್ನು ಬಿಚ್ಚುವಷ್ಟರಲ್ಲಿ ನಿಂತಿತು. ಮತ್ತೆ ಬಂತು, ನಿಂತಿತು. ಮೂರನೆಯದಕ್ಕೆ ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಕಸಿದುಕೊಂಡು ಹಲೋ ಅಂದರು. ಅಷ್ಟರಲ್ಲಿ ಅದೂ ಕಡಿದುಹೋಗಿತ್ತು. ಒಂದು ನಿಮಿಷದೊಳಗೆ ಮೂರು, ಪ್ರತಿಯೊಂದೂ ಎರಡು ರಿಂಗು. ಯಾರ ಫೋನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಕೈಬೆರಳಿಗೆ ಆ ಲೆಕ್ಕ ಬಾಯಿಪಾಠವಾಗಿತ್ತು.

ಮರುದಿನ ಜ್ವರದಲ್ಲೇ ಹೋಗಿ, ಮುಟ್ಟಬಾರದೆಂದಿದ್ದ ಕಡತವನ್ನು ಅವರ ಚೀಟಿಯ ಸಂಖ್ಯೆಯಿಂದ ತೆರೆದು ನೋಡಿದೆ. ‘ರೋಗಿಗೆ ಆಸಕ್ತಿಯಿಲ್ಲ.’ ಮುಚ್ಚಿದ್ದು ಎರಡನೇ ಆಸನ, ನನ್ನ ಗೆಳತಿಯದು. ಕೆಳಗೆ ಇನ್ನೊಂದು ಸಾಲಿತ್ತು. ಏಳು ತಿಂಗಳ ಹಿಂದೆಯೂ ಒಮ್ಮೆ ಅದು ಮುಚ್ಚಿತ್ತು. ದೊಡ್ಡಮ್ಮ ಕೌಂಟರಿಗೆ ಬಂದು ವಿಚಾರಿಸಿದಾಗ, ಮುಚ್ಚಿದ್ದನ್ನು ಹೇಳದೆ ಹೊಸ ತಾರೀಖು ಹಾಕಿ ಸಾಲಿನ ಕೊನೆಗೆ ಸೇರಿಸಿದ್ದರು. ಆ ಮೊದಲ ಸಲ ಮುಚ್ಚಿದ್ದು ನಾಲ್ಕನೇ ಆಸನ. ನಾಲ್ಕನೇ ಆಸನ ನನ್ನದು.

ನಮ್ಮದು ಗುಟ್ಟು ಹೇಳಲಾಗದ ಮನೆ, ಮಾನ್ಯರೇ. ಏನು ಹೇಳುವುದಿದ್ದರೂ ದೊಡ್ಡಪ್ಪನ ಬಲಗಿವಿಗೆ ಬಾಯಿಟ್ಟು ಕಿರುಚಬೇಕು. ನಾನು ತಪ್ಪೊಪ್ಪಿಕೊಂಡಿದ್ದನ್ನು ಇಡೀ ಬೀದಿ ಕೇಳಿತು. ಎದುರುಮನೆಯವರು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ನಿಂತರು.

“ಎಷ್ಟು ರಿಂಗು?” ದೊಡ್ಡಪ್ಪ ಕೇಳಿದರು.

“ಎರಡು!”

“ಎರಡಕ್ಕೇ? ಶತ್ರು ಮೇಲೆ ಗುಂಡು ಹಾರಿಸೋ ಮುಂಚೆ ಕೂಡ ನಾವು ಅದಕ್ಕಿಂತ ಜಾಸ್ತಿ ಹೊತ್ತು ಕಾಯ್ತಿದ್ವಲ್ಲೇ.”

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಕೇಳಿದ್ದು ತಮ್ಮ ಕಿವಿಯ ಬಗ್ಗೆ ಅಲ್ಲ. “ನಿನ್ನ ಕೈಯಲ್ಲಿ ಹೋದ ಉಳಿದೋರು ಎಲ್ಲಿದ್ದಾರೆ?” ನನಗೆ ಗೊತ್ತಿರಲಿಲ್ಲ. ಅಂದೇ ನಿಮಗೆ ಲಿಖಿತ ದೂರು ಕೊಟ್ಟೆ, ನನ್ನ ತಪ್ಪನ್ನೇ ಮೊದಲು ಬರೆದು.

ಮುಂದಿನದನ್ನು ಎಲ್ಲರೂ ಪತ್ರಿಕೆಯಲ್ಲಿ ಓದಿದ್ದಾರೆ. ನನ್ನ ದೂರಿನ ಪ್ರತಿಯನ್ನು ಶಾಸನಸಭೆಯಲ್ಲಿ ಒಬ್ಬರು ಗಾಳಿಯಲ್ಲಿ ಬೀಸಿದರು. ಒಂದು ಪಕ್ಷ, ತಪ್ಪಿತಸ್ಥ ನೌಕರರನ್ನು ಹದಿನೈದೇ ದಿನದಲ್ಲಿ ಕಿತ್ತುಹಾಕುವ ಕಾನೂನು ಬೇಕೆಂದಿತು. ಇನ್ನೊಂದು ಪಕ್ಷ, ಅದು ನೌಕರರ ಕೊರಳಿಗೆ ಕತ್ತಿ ಎಂದಿತು. ಆಸ್ಪತ್ರೆಗಳನ್ನೇ ಖಾಸಗಿಯವರಿಗೆ ಕೊಟ್ಟುಬಿಡಿ ಎಂದವರೂ ಇದ್ದರು. ಮೂರು ದಿನ ಮೇಜು ಗುದ್ದಿದರು. ಹೊಣೆಗಾರಿಕೆ ಎಂಬ ಪದವನ್ನು ಎಷ್ಟು ಸಲ ಬಳಸಿದರೋ, ಅಷ್ಟು ಸಲ ಒಬ್ಬೊಬ್ಬ ರೋಗಿಗೆ ಫೋನು ಮಾಡಿದ್ದರೆ ಕಿವಿ ವಿಭಾಗದ ಅರ್ಧ ಸಾಲು ಕರಗುತ್ತಿತ್ತು. ಕೊನೆಗೂ ಕಾನೂನು ಬಂತು. ಅದರ ಬಲೆಗೆ ಮೊದಲು ಬಿದ್ದವರು ಯಾರು? ನಮ್ಮ ಕೋಣೆಯ ಐದು ಕುರ್ಚಿಗಳು. ಮೇಲ್ವಿಚಾರಕರನ್ನು ತರಬೇತಿ ವಿಭಾಗಕ್ಕೆ ವರ್ಗಾಯಿಸಿದ್ದೀರಂತೆ. ಒಳ್ಳೆಯದು; ಈಗ ಉಳಿದ ಆಸ್ಪತ್ರೆಗಳೂ ಕಲಿತುಕೊಳ್ಳಲಿ. ಪ್ರತಿ ತಿಂಗಳ ಕೊನೆಗೆ ದಿಢೀರನೆ ಇಳಿಯುತ್ತಿದ್ದ ಸಂಖ್ಯೆಗೆ ಸಹಿ ಹಾಕಿದ ಅಧಿಕಾರಿಗಳಿಗೆ, ಅದನ್ನು ಸಭೆಗಳಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿದ ತಮಗೆ, ಕಾಯಿಲೆಗಳು ತಿಂಗಳ ಕೊನೆಗೇ ಏಕೆ ವಾಸಿಯಾಗುತ್ತವೆ ಎಂಬ ಅನುಮಾನ ಒಮ್ಮೆಯೂ ಬರಲಿಲ್ಲವೇ? ಶಾಲೆ ಬಿಟ್ಟ ನನಗೇ ಬಂದಿತ್ತಲ್ಲ.

ಹೋದ ವಾರ ನಿಮ್ಮ ಕಚೇರಿಯಿಂದ ಒಬ್ಬರು ನಮ್ಮ ಮನೆಗೆ ಬಂದಿದ್ದರು. ಬಹಳ ಮರ್ಯಾದೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದರು. ದೊಡ್ಡಪ್ಪನ ಕಡತವನ್ನು ಹಳೆಯ ತಾರೀಖಿಗೇ ತೆರೆದು ಇದೇ ಸೋಮವಾರ ತಜ್ಞರಿಗೆ ತೋರಿಸುತ್ತೇವೆ ಎಂದರು. ಪ್ರತಿಯಾಗಿ ನಾನೊಂದು ಕಾಗದಕ್ಕೆ ಸಹಿ ಹಾಕಬೇಕು: ಕರೆ ಕತ್ತರಿಸಿದ್ದು ನಮ್ಮದೇ ಸೋಮಾರಿತನದಿಂದ, ಯಾರೂ ಹೇಳಿಕೊಟ್ಟದ್ದಲ್ಲ. ಅಂದರೆ ಹಳೆಯ ತಾರೀಖಿಗೇ ಕಡತ ತೆರೆಯಲು ಸಾಧ್ಯವಿದೆ! ಇಷ್ಟು ದಿನ ಕೌಂಟರಿನಲ್ಲಿ ಕಂಪ್ಯೂಟರ್ ಒಪ್ಪುವುದಿಲ್ಲ ಎನ್ನುತ್ತಿದ್ದರು. ಅದನ್ನು ಒಪ್ಪಿಸುವುದಕ್ಕೆ ಒಂದು ಸುಳ್ಳು ಸಹಿ ಸಾಕು ಎಂದು ನನಗೆ ತಿಳಿದಿರಲಿಲ್ಲ.

ಅವರು ಹೋದ ಮೇಲೆ ದೊಡ್ಡಮ್ಮ ನನ್ನ ಮೇಲೆ ಹರಿಹಾಯ್ದರು. “ನಿನ್ನ ಸತ್ಯ ಕಟ್ಕೊಂಡು ನನಗೇನಾಗ್ಬೇಕು? ಅವರ ಕಿವಿ ಉಳೀಬೇಕು. ಹಾಕೇ ಸಹಿ! ಒಂದೂವರೆ ವರ್ಷ ಸುಳ್ಳು ಒತ್ತಿದ ಕೈಗೆ ಇನ್ನೊಂದು ಭಾರವಾ?”

ನಾನು ಪೆನ್ನು ಕೈಗೆ ತೆಗೆದುಕೊಂಡಿದ್ದೂ ನಿಜ. ಕೂಗಾಟ ಕೇಳಿಸದಿದ್ದರೂ ದೊಡ್ಡಪ್ಪ ನಮ್ಮ ಮುಖಗಳನ್ನು ನೋಡಿ ಕಾಗದ ಎಳೆದುಕೊಂಡರು. ಬೆರಳಿಟ್ಟು ನಿಧಾನವಾಗಿ ಪೂರ್ತಿ ಓದಿದರು. “ಇದಕ್ಕೆ ಸಹಿ ಹಾಕಿದ್ರೆ ಸೋಮವಾರ ನಾನು ಹೋಗಲ್ಲ” ಎಂದು ಮಡಚಿ ನನ್ನ ಕೈಗೆ ಕೊಟ್ಟರು. ದೊಡ್ಡಮ್ಮ ಬಾಗಿಲು ಹಾಕಿಕೊಂಡು ಅತ್ತರು. ಈಗ ಆ ಬಲಗಿವಿಗೆ ಎಷ್ಟು ಕೇಳಿಸುತ್ತದೆ ಗೊತ್ತೇ? ನಾನು ಪೂರ್ತಿ ಗಂಟಲಲ್ಲಿ ಕೂಗಿದರೆ ನಾಲ್ಕು ಮಾತಿನಲ್ಲಿ ಒಂದು. ಹೊರಗಿನ ವೈದ್ಯರೊಬ್ಬರು ನೋಡಿ, ತಡಮಾಡಿದರೆ ಇದೂ ಇಲ್ಲ ಎಂದಿದ್ದಾರೆ. ಆ ಒಂದು ಮಾತನ್ನು ಪಣಕ್ಕಿಟ್ಟು ಅವರು ಕಾಗದ ಮಡಚಿದ್ದು. ಅದು ಸರಿಯೋ ತಪ್ಪೋ ನನಗೆ ಇಂದಿಗೂ ತಿಳಿಯದು.

ಆದ್ದರಿಂದ ನಾನು ಬೇಡುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ. ನಾನು ಮುಚ್ಚಿದ 1,142 ಕಡತಗಳನ್ನು, ಉಳಿದ ನಾಲ್ಕು ಆಸನಗಳು ಮುಚ್ಚಿದವುಗಳನ್ನು, ಅವುಗಳ ಮೊದಲ ತಾರೀಖಿಗೇ ತೆರೆಯಿರಿ. ಕಿವಿ ಕೇಳಿಸದವರ ಮನೆಗೆ ಮನುಷ್ಯರನ್ನು ಕಳಿಸಿ. ನನಗೆ ಕಾಗದ ತರುವುದಕ್ಕೆ ಮನುಷ್ಯರು ಸಿಕ್ಕಿದ್ದರಲ್ಲ. ಮುಂದೆ ಯಾವುದೇ ಕಡತ ಮುಚ್ಚಬೇಕಾದರೆ ಕುರ್ಚಿಯ ಸಂಖ್ಯೆಯ ಬದಲು ಒಬ್ಬ ಅಧಿಕಾರಿಯ ಸಹಿ ಇರಲಿ. ಆ ಪಟ್ಟಿಯಲ್ಲಿ ತೀರಿಕೊಂಡವರು ಎಷ್ಟು ಮಂದಿ ಎಂಬುದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. ನಿಮ್ಮವರು ತಂದ ಕಾಗದವನ್ನು ಸಹಿ ಮಾಡದೆ ಈ ಪತ್ರದ ಜೊತೆ ಪತ್ರಿಕೆಗೆ ಕಳಿಸಿದ್ದೇನೆ.

ಪಕ್ಕದ ಪ್ರಾಂತ್ಯದಲ್ಲಿ ಒಂದು ಧರ್ಮಾಸ್ಪತ್ರೆಯಿದೆ. ಅಲ್ಲಿ ಫೋನಿನಲ್ಲಿ ಕರೆಯುವುದಿಲ್ಲ. ಬಾಗಿಲಲ್ಲಿ ಕೂತವರನ್ನು ಕೂತ ಕ್ರಮದಲ್ಲಿ ನೋಡುತ್ತಾರಂತೆ. ಎಷ್ಟು ದಿನ ಕೂರಬೇಕೋ, ಕಿವಿ ಉಳಿಯುತ್ತದೋ ಇಲ್ಲವೋ, ಯಾರೂ ಭರವಸೆ ಕೊಟ್ಟಿಲ್ಲ. ದೊಡ್ಡಮ್ಮ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ.

ಇಂತಿ,
ಈ ಪ್ರಕರಣದಲ್ಲಿ ಇದುವರೆಗೆ ತಪ್ಪೊಪ್ಪಿಕೊಂಡಿರುವ ಒಬ್ಬಳೇ ಒಬ್ಬಳು

ವಿ.ಸೂ.: ನಾಳೆ ಬೆಳಿಗ್ಗೆ ಆರು ಗಂಟೆಯ ಬಸ್ಸಿಗೆ ನಾನು ಮತ್ತು ದೊಡ್ಡಪ್ಪ ಆ ಧರ್ಮಾಸ್ಪತ್ರೆಗೆ ಹೊರಡುತ್ತಿದ್ದೇವೆ.