ಮದುವೆಯ ಮೈಕಿನಲ್ಲಿ ನನ್ನ ಎದೆಯ ಬಾವು

ಮಾನ್ಯ ಹೊರರೋಗಿ ವಿಭಾಗದ ಆಡಳಿತಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಕಾಯಿಲೆ ಇರುವವರ ಹೆಸರನ್ನು ಊರಿಗೆಲ್ಲ ಸಾರಬಾರದೆಂಬ ಸಣ್ಣ ಮರ್ಯಾದೆ ನನಗುಂಟು. ಅದು ನಿಮಗೂ ಇರಲಿ ಎಂದು ಕೇಳಲಿಕ್ಕೇ ಈ ಪತ್ರ. ನಿಮ್ಮ ಕಾಯುವ ಹಾಲ್‌ನಲ್ಲಿ ರೋಗಿಯ ಹೆಸರು, ಊರು, ಅದರ ಮೇಲೆ ಕಾಯಿಲೆಯನ್ನೂ ಮೈಕಿನಲ್ಲಿ ಕೂಗಿ ಕರೆಯುವ ಪದ್ಧತಿಯನ್ನು ನಿಲ್ಲಿಸಿ.

ನನ್ನ ಕಾಯಿಲೆ ಯಾವುದೆಂದು ಜಿಲ್ಲೆಯಲ್ಲಿ ಇನ್ನೂ ಗೊತ್ತಿಲ್ಲದವರು ಯಾರಾದರೂ ಉಳಿದಿದ್ದರೆ, ಅವರಿಗಾಗಿ ಹೇಳುತ್ತೇನೆ: ಗ್ರ್ಯಾನ್ಯುಲೋಮಾಟಸ್ ಮ್ಯಾಸ್ಟೈಟಿಸ್. ಅಪರೂಪದ್ದಂತೆ. ಎದೆಯೊಳಗೆ ಕಾರಣವಿಲ್ಲದೆ ಗಂಟು ಕಟ್ಟುತ್ತದೆ, ಕೆಂಪಾಗಿ ಬಾತುಕೊಳ್ಳುತ್ತದೆ, ಕೀವಾಗುತ್ತದೆ. ಔಷಧಿಗೆ ಇಳಿಯುತ್ತದೆ. ಇನ್ನು ಹೋಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ, ಗಲ್ಫಿನಿಂದ ಹೇಳದೆ ಕೇಳದೆ ರಜೆಗೆ ಬರುವ ಭಾವನ ಹಾಗೆ ಪೆಟ್ಟಿಗೆ ಸಮೇತ ವಾಪಸು ಬರುತ್ತದೆ. ಸೂಜಿ ಚುಚ್ಚಿ, ತುಂಡು ತೆಗೆದು, ಕ್ಯಾನ್ಸರ್ ಅಲ್ಲ, ಟಿಬಿ ಅಲ್ಲ ಎಂದು ನೋಡಿದ್ದಾಗಿದೆ. ಆದರೂ ಪ್ರತಿ ಸಲ ಗಂಟು ಕೈಗೆ ಸಿಕ್ಕಾಗ ನನ್ನ ಜೀವ ಬಾಯಿಗೆ ಬರುತ್ತದೆ. ಸ್ಟಿರಾಯ್ಡ್ ಮಾತ್ರೆಯಿಂದ ಮುಖ ಕಳ್ಳು ಹಾಕಿ ಉಬ್ಬಿಸಿದ ನಮ್ಮ ಸಾನ್ನ ಇಡ್ಲಿಯ ಹಾಗೆ ಆಗಿದೆ. ನಿದ್ದೆಯನ್ನಂತೂ ಅರ್ಧ ಆ ಮಾತ್ರೆ, ಇನ್ನರ್ಧ ಒಂದೂವರೆ ವರ್ಷದ ನನ್ನ ಮಗಳು ಹಂಚಿಕೊಂಡು ತಿಂದಿದ್ದಾರೆ.

ಇನ್ನು ಮೈಕಿನ ವಿಚಾರ. ಅದರ ಮುಂದೆ ನೀವು ಕೂರಿಸಿರುವವರು ರೋನಿ. ಶಿರ್ವದ ಕಡೆಯ ನಮ್ಮ ಕ್ರೈಸ್ತ ಮದುವೆಗಳಲ್ಲಿ ಅವರೇ ಎಂಸಿ. ವಧು ಯಾರ ಮಗಳು, ಯಾವ ಮನೆಯವಳು ಎಂದು ಪರಿಚಯಿಸುವುದು, ಟೋಸ್ಟಿಗೆ ಗ್ಲಾಸು ಎತ್ತಿಸುವುದು, ಊಟಕ್ಕೆ ಓಡುವವರನ್ನು ತಡೆದು ಚಪ್ಪಾಳೆ ಹೊಡೆಸುವುದು ಅವರ ರಜಾದಿನದ ಕೆಲಸ. ವಾರದ ದಿನಗಳಲ್ಲಿ ಅದೇ ಸ್ವರ ನಿಮ್ಮ ಸೇವೆಗೆ. ಒಂದೇ ಹೆಸರಿನವರು ಗುಂಪಾಗಿ ಎದ್ದು ಬಾಗಿಲಿಗೆ ನುಗ್ಗುತ್ತಾರೆ, ಆದ್ದರಿಂದ ಊರು ಮತ್ತು ಕಾಯಿಲೆ ಸೇರಿಸಿ ಕರೆಯಿರಿ ಎಂದು ಅಪ್ಪಣೆ ಕೊಟ್ಟವರು ನೀವೇ ಅಂತೆ. ನೀವು ಅಪ್ಪಣೆ ಕೊಟ್ಟಿರಿ. ಅವರು ಅದಕ್ಕೆ ಕಲೆ ಸೇರಿಸಿದರು.

ನನ್ನ ಮದುವೆಗೂ ಎಂಸಿ ರೋನಿಯೇ. ಕಳೆದ ತಿಂಗಳು ಗಂಟು ಮತ್ತೆ ಬಂದು ನಾನು ನಿಮ್ಮ ಹಾಲ್‌ನಲ್ಲಿ ಕೂತಿದ್ದೆ. ರೋನಿ ಚೀಟಿ ನೋಡಿದರು, ತಲೆಯೆತ್ತಿ ನನ್ನನ್ನು ನೋಡಿದರು, ಅವರ ಮುಖ ಅರಳಿತು.

“ಈಗ ನಮ್ಮ ಮುಂದೆ ಬರುತ್ತಿದ್ದಾರೆ, ಬೆಳ್ಮಣ್‌ನ ಕಾರ್ಲ್ ಅವರ ಪ್ರೀತಿಯ ಮಡದಿ, ಶಿರ್ವದ ಸ್ಟ್ಯಾನಿಸ್ಲಾಸ್ ಅವರ ಹಿರಿಯ ಮಗಳು, ಶರೋನ್! ಎಡಬದಿಯ ಎದೆ ಬಾವು, ಪುನಃ ಬಂದದ್ದು! ಸರ್ಜನ್ ಕೋಣೆಗೆ ಸ್ವಾಗತ!”

ಹಿಂದಿನ ಬೆಂಚಿನಲ್ಲಿ ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು. ಮಾನ್ಯರೇ, ಆಗ ನಾನು ಏನು ಮಾಡಬೇಕಿತ್ತು? ಕೈ ಬೀಸಬೇಕಿತ್ತೇ? ಬೀಸಿಬಿಟ್ಟೆ. ನನ್ನನ್ನು ಈಗಲೂ ಸುಡುತ್ತಿರುವುದು ಅದೇ.

ನಾನು ಬೆಳ್ಮಣ್‌ನಲ್ಲಿ ಬಸ್ಸಿನಿಂದ ಇಳಿಯುವ ಮೊದಲೇ ಸುದ್ದಿ ಇಳಿದಿತ್ತು. ಅತ್ತೆ ಪ್ರೆಸಿಲ್ಲಾ ಗೇಟಿನಲ್ಲೇ ನಿಂತಿದ್ದರು.

“ಎಂತ ಬಾಯೆ, ಪುನಃ ಬಂತಂತೆ? ಎಡದ್ದೇ ಅಂತೆ?”

“ನಿಮಗೆ ಯಾರು ಹೇಳಿದ್ದು ಮಾಂಯ್?”

“ಕಾಪುವಿನಿಂದ ಫೋನ್ ಬಂತು. ಹೆಬ್ರಿಯಿಂದಲೂ ಬಂತು. ನೀನು ಕೈ ಬೀಸಿದ್ದು ಚಂದ ಇತ್ತಂತೆ.”

ಮಣಿಪಾಲದ ಪ್ರೆಸ್ಸಿನಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ, ನನ್ನ ಕರೆ ಹೋಗುವ ಮೊದಲೇ ಸಹೋದ್ಯೋಗಿಗಳಿಂದ ಸಾಂತ್ವನ ಸಿಕ್ಕಿತ್ತು. ಮರುದಿನ ಶಂಕರಪುರದಿಂದ ಅತ್ತೆಯ ತಂಗಿ ಮಲ್ಲಿಗೆಯ ದೊಡ್ಡ ಕಟ್ಟು ಹಿಡಿದುಕೊಂಡು ಬಂದರು. ಹಾಲು ಬತ್ತಿಸಲು ಎದೆಗೆ ಮಲ್ಲಿಗೆ ಕಟ್ಟುವುದು ಅಜ್ಜಿಯರ ಕಾಲದ ಪದ್ಧತಿ. ನನ್ನದು ಹಾಲಿನ ತೊಂದರೆಯೇ ಅಲ್ಲ ಎಂದರೆ ಕೇಳುವವರು ಯಾರು?

“ಹಾಲಿಗೆ ಆಗುವುದು ಬಾವಿಗೆ ಆಗುವುದಿಲ್ಲವಾ ಮಾರಾಯ್ತಿ? ಹೂವಲ್ವಾ, ಕಚ್ಚುತ್ತದಾ?”

ಹೀಗೆ, ತಲೆಯಲ್ಲಿ ಒಂದು ಮೊಗ್ಗೂ ಇಲ್ಲದೆ, ರವಿಕೆಯೊಳಗಿಂದ ಘಮಘಮಿಸುತ್ತ ನಾನು ಮುಂದಿನ ತಪಾಸಣೆಗೆ ಬಸ್ಸು ಹತ್ತಿದೆ. ಕಂಡಕ್ಟರ್ ಮೂಗೆಳೆದು, “ಯಾರದ್ದು ಅಕ್ಕ ಮದುವೆ?” ಎಂದು ಕೇಳಿದ. “ನನ್ನದೇ, ಎಂಸಿ ಕೂಡ ಸಿಕ್ಕಿದ್ದಾರೆ” ಎಂದೆ. ಡಾಕ್ಟರಮ್ಮ ಹೂವನ್ನು ಬಿಚ್ಚಿಸಿ, “ಇದನ್ನು ತಲೆಗೆ ಮುಡಿಯಿರಿ, ಮಾತ್ರೆಯನ್ನು ಮಾತ್ರ ತಪ್ಪಿಸಬೇಡಿ” ಎಂದರು.

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನಗೆಪಾಟಲಾಗಿ ಯಾರೂ ಸತ್ತದ್ದಿಲ್ಲ.

ರೋನಿ ನನ್ನನ್ನು ಕೂಗಿದ ಆ ದಿನ, ನಾನು ಸರ್ಜನ್ ಕೋಣೆಯಿಂದ ಹೊರಗೆ ಬಂದಾಗ ಕುಡಿಯುವ ನೀರಿನ ನಲ್ಲಿಯ ಬಳಿ ಒಬ್ಬರು ನನ್ನ ಕೈ ಹಿಡಿದರು. ಕಾರ್ಕಳದ ಕಡೆಯ ಟೀಚರ್. ಹೆಸರು ಹೇಳುವುದಿಲ್ಲ, ಕಾರಣ ಮೇಲೆ ಕೊಟ್ಟಿದ್ದೇನೆ.

“ಮೈಕಿನಲ್ಲಿ ಹೇಳಿದರಲ್ಲ, ಪುನಃ ಬಂದದ್ದು ಅಂತ. ನನಗೂ ಹಾಗೆಯೇ. ಹೋಗುತ್ತದೆ, ಬರುತ್ತದೆ.”

ಈ ಕರಾವಳಿಯಲ್ಲಿ ಇಂಥ ಎದೆ ಇರುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ನಲ್ಲಿಯ ಪಕ್ಕ ನಿಂತೇ ನಾವಿಬ್ಬರೂ ಯಾವ ಮಗ್ಗುಲಿಗೆ ಮಲಗಿದರೆ ನೋವು ಕಡಿಮೆ, ಮಗು ಎದೆಗೆ ಒದ್ದಾಗ ಯಾವ ಸಂತರನ್ನು, ಯಾವ ದೇವರನ್ನು ಕರೆಯುತ್ತೇವೆ ಎಂದೆಲ್ಲ ಮಾತಾಡಿದೆವು. ಅವರಿಗೆ ಯಾರೋ ಎದೆಗೆ ಮಲ್ಲಿಗೆ ಕಟ್ಟಿದ್ದರಂತೆ! ಮರುದಿನ ನನಗೂ ಅದೇ ಕಾದಿದೆ ಎಂದು ತಿಳಿಯದೆ, ಎಷ್ಟೋ ತಿಂಗಳ ಮೇಲೆ ನಾನು ಹೊಟ್ಟೆ ಹಿಡಿದು ನಕ್ಕೆ.

“ಕೂತುಕೊಳ್ಳಿ, ಈಗ ನಿಮ್ಮ ಸರದಿ ಬರುತ್ತದೆ” ಎಂದೆ.

“ಬರುವುದು ಬೇಡ. ನನ್ನ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರು ಎರಡು ಬೆಂಚು ತುಂಬ ಇದ್ದಾರೆ.”

ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿ, ಡಾಕ್ಟರನ್ನು ನೋಡದೆಯೇ ಅವರು ಹೊರಟುಹೋದರು. ಈಗ ಫೋನಿನಲ್ಲಿ, “ಕೆಂಪು ಜಾಸ್ತಿಯಾಗಿದೆ, ತನ್ನಷ್ಟಕ್ಕೆ ಇಳಿಯುತ್ತದೆ ಬಿಡಿ” ಎನ್ನುತ್ತಾರೆ. ನಾನೂ ಒಮ್ಮೆ ಹಾಗೆಯೇ ಹೇಳಿಕೊಂಡು ಮನೆಯಲ್ಲಿ ಕೂತಿದ್ದೆ. ಅದು ಇಳಿಯಲಿಲ್ಲ, ಒಡೆಯಿತು.

ಮಾನ್ಯರೇ, ನಿಮ್ಮ ಮೈಕು ಇಲ್ಲದಿದ್ದರೆ ಅವರು ನನಗೆ ಸಿಗುತ್ತಿರಲಿಲ್ಲ. ನಿಮ್ಮ ಮೈಕು ಇರುವುದರಿಂದ ಅವರು ಡಾಕ್ಟರಿಗೆ ಸಿಗುತ್ತಿಲ್ಲ. ನಾನು ನಿಮಗೆ ಹಾರ ಹಾಕಲೇ, ಜಗಳ ಕಾಯಲೇ? ಹಾರಕ್ಕಾದರೆ ಮನೆಯಲ್ಲಿ ಮಲ್ಲಿಗೆ ಬೇಕಾದಷ್ಟುಂಟು.

ನನ್ನ ಬೇಡಿಕೆ ಇಷ್ಟೇ. ಟೋಕನ್ ನಂಬರ್ ಮಾತ್ರ ಕೂಗಿಸಿ. ಹೆಸರನ್ನೂ ಕಾಯಿಲೆಯನ್ನೂ ಬಾಗಿಲು ಮುಚ್ಚಿದ ಮೇಲೆ ಒಳಗೆ ಡಾಕ್ಟರೇ ಕೇಳಲಿ. ರೋನಿಯನ್ನು ಕೆಲಸದಿಂದ ತೆಗೆಯಬೇಡಿ, ಅವರು ಒಳ್ಳೆಯವರು. ನಾನು ಹೋಗಿ ಹೇಳಿದಾಗ, “ಅಯ್ಯೋ ಶರೋನ್, ಬರೀ ನಂಬರಿಗೆ ಒಂದು ಕಳೆ ಇಲ್ಲ ಅಲ್ವಾ?” ಎಂದು ಪಾಪ ಕುಗ್ಗಿಹೋದರು. ಬೇಕಾದರೆ, “ಈಗ ಬರುತ್ತಿದ್ದಾರೆ, ನಮ್ಮೆಲ್ಲರ ಪ್ರೀತಿಯ ನಲವತ್ತೊಂದು!” ಎನ್ನಲಿ. ಚಪ್ಪಾಳೆ ನಾನೇ ತಟ್ಟುತ್ತೇನೆ.

ಬರುವ ಗುರುವಾರ ಆ ಟೀಚರನ್ನು ನಾನೇ ಕರೆದುಕೊಂಡು ಬರುತ್ತೇನೆ. ಮೈಕಿನಲ್ಲಿ ತನ್ನ ಹೆಸರು ಬರಬಾರದು ಎಂಬ ಒಂದೇ ಷರತ್ತಿಗೆ ಅವರು ಒಪ್ಪಿದ್ದಾರೆ. ಅಷ್ಟರೊಳಗೆ ನಿಮ್ಮ ಅಪ್ಪಣೆ ಬದಲಾಗದಿದ್ದರೆ, ಯಾರದಾದರೂ ಹೆಸರು ಕೂಗಲೇಬೇಕೆಂದು ನಿಮ್ಮ ಹಟವಿದ್ದರೆ, ಅವರ ಸರದಿಗೂ ನನ್ನ ಹೆಸರನ್ನೇ ಕೂಗಿಸಿ. ಎಡಬದಿಗೆ ಒಮ್ಮೆ, ಬಲಬದಿಗೆ ಒಮ್ಮೆ. ಇಡೀ ಹಾಲ್ ನನ್ನನ್ನು ನೋಡಲಿ, ನಾನು ಕೈ ಬೀಸುತ್ತೇನೆ. ಅಷ್ಟರಲ್ಲಿ ಅವರು ಒಳಗೆ ಹೋಗಿರುತ್ತಾರೆ.

ಇಂತಿ,
ಮತ್ತೆ ಪರಿಚಯಿಸುವ ಅಗತ್ಯವಿಲ್ಲದ,
ಶರೋನ್, ಬೆಳ್ಮಣ್