ಫೋಟೋದಲ್ಲಿ ಬೆಳ್ಳಗಾದವರು

ಮಾರ್ಚ್ ೧೨, ಗುರುವಾರ

ಆ ಪೋಸ್ಟರ್ ಇನ್ನೂ ತಲೆಯಿಂದ ಇಳಿದಿಲ್ಲ. ‘ಮೈಬಣ್ಣ ನೋಡಿ ಕೆಲಸ ಕೊಡಬೇಡಿ’ ಅಂತ ದೊಡ್ಡಕ್ಷರ, ಕೆಳಗೆ ನಮ್ಮ ಮಹಿಳಾ ಸಂಘದವರ ಫೋಟೋ. ಎಲ್ಲರೂ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗೆ! ಚೆನ್ನಾಗಿ ಬಂದಿದೆ ಅಂತ ಎಲ್ಲರೂ ಹೊಗಳುತ್ತಿದ್ದರೆ ಚಿಕ್ಕಮ್ಮ ಮಾತ್ರ ಕನ್ನಡಕ ಏರಿಸಿ, “ನಾನೆಲ್ಲಿದೀನೇ ಇದರಲ್ಲಿ?” ಅಂದಳು. ಬಟ್ಟೆ ನೋಡಿ ಅವಳನ್ನು ಹುಡುಕಬೇಕಾಯಿತು.

ಸಿಟ್ಟು ನೆತ್ತಿಗೇರಿ ಪೋಸ್ಟರ್ ಮಾಡಿಕೊಟ್ಟ ಸ್ಟುಡಿಯೋಗೆ ಹೋದೆ. ಫೋಟೋದವನು ಕಣ್ಣು ಕಣ್ಣು ಬಿಟ್ಟ.

“ಬೇಕಂತ ಮಾಡಿಲ್ಲ ಅಕ್ಕಾ. ಯಾರ ಫೋಟೋ ಬಂದ್ರೂ ಮೊದಲು ಬೆಳ್ಳಗೆ ಮಾಡ್ತೀನಿ, ಆಮೇಲೇ ಏನು ಬರೆದಿದೆ ಅಂತ ನೋಡೋದು.”

ಬೈಯೋಕೆ ಹೋದವಳು ಬೈಯೋದನ್ನೇ ಮರೆತು ಸ್ಟೂಲ್ ಎಳೆದು ಕೂತೆ. ಅದನ್ನು ಹೇಗೆ ಮಾಡುತ್ತಾನೆ ಅಂತ ನೋಡಬೇಕೆನಿಸಿತು. ಅವನು ಮೊದಲಿನ ಫೋಟೋ ತೆರೆದ. ಚಿಕ್ಕಮ್ಮ ತನ್ನ ಜಾಗದಲ್ಲೇ ಇದ್ದಳು, ಎಂದಿನ ಹಾಗೆ ಕಪ್ಪಗೆ, ಬಾಯ್ತುಂಬ ನಗುತ್ತ. ನಾಳೆ ಅದನ್ನೇ ಹಾಕಿ ಹೊಸ ಪೋಸ್ಟರ್ ಕೊಡುತ್ತಾನಂತೆ.

ಹೊರಡುವಾಗ ಗೋಡೆ ಮೇಲೊಂದು ಮದುವೆ ಫೋಟೋ ಕಂಡಿತು. ಮದುಮಗ ಫಳಫಳ ಹೊಳೆಯುತ್ತಿದ್ದ.

“ನಿಮ್ಮ ತಮ್ಮನಾ?”

“ಅಯ್ಯೋ, ನಾನೇ ಅಕ್ಕಾ.”

“ಇದರ ಮೊದಲಿನದು ಇದೆಯಾ?”

“ಅವತ್ತೇ ಅಳಿಸಿಬಿಟ್ಟೆ.” ಹೇಳಿ ನಕ್ಕ. “ಮೊನ್ನೆ ಮಗಳು ಇದನ್ನ ನೋಡಿ ಕೇಳಿದ್ಲು, ಅಪ್ಪಾ, ನೀನು ಯಾವಾಗ ಕಪ್ಪಾದೆ? ನಾನು ಹುಟ್ಟಿದ ಮೇಲಾ?”

ಅವಳಿಗೆ ಏನು ಹೇಳಿದನೋ, ಕೇಳದೆ ಬಂದುಬಿಟ್ಟೆ. ನಾಳೆ ಪೋಸ್ಟರ್ ತರೋಕೆ ಹೋದಾಗ ಕೇಳಬೇಕು.