ನಿನ್ನ ಕೈ ಮೇಲೆದ್ದ ಮಧ್ಯಾಹ್ನ

ಅಣ್ಣಾ,

ಬೀಳುವುದಕ್ಕೆ ಒಂದು ವಾರ ಮುಂಚೆ ನೀನು ರಾವಂದೂರಿನ ನನ್ನ ಮನೆಗೆ ಬಂದಿದ್ದೆ. ಹತ್ತನೇ ತರಗತಿಗೆಂದು ನಾನು ಬರೆಯುತ್ತಿದ್ದ ಚಾರ್ಟನ್ನು ಬಗ್ಗಿ ನೋಡಿದೆ. ಹೃದಯ, ಶ್ವಾಸಕೋಶ, ಯಕೃತ್ತು, ಮೂತ್ರಪಿಂಡ. "ಏನಮ್ಮಿ, ಇಷ್ಟೊಂದು ಸಾಮಾನು ಒಳಗದಾ? ಇದ್ನೆಲ್ಲ ನೋಡ್ಕಳೋರು ಯಾರು?" ಅಂದೆ. ಮೆದುಳು ಅಂದೆ ನಾನು. "ಅದು ಮನೀಕಂಡ್ರೆ?" ಎಂದು ನೀನು ಕೇಳಿದೆ. ನಾನು ನಕ್ಕುಬಿಟ್ಟೆ. ಬಿ.ಪಿ. ಮಾತ್ರೆ ನುಂಗುತ್ತಿದ್ದೀಯಾ ಎಂದು ಆಗಲಾದರೂ ಕೇಳಬಾರದಿತ್ತೇ...

ಪಿರಿಯಾಪಟ್ಟಣದ ನಿನ್ನ ಅಂಗಡಿಯಲ್ಲಿ ಮೋಟರಿಗೆ ತಂತಿ ಸುತ್ತುತ್ತಿದ್ದವನು ತಲೆ ಹಿಡಿದುಕೊಂಡು ಕುಸಿದೆಯಂತೆ. ಅಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ. ಗೊತ್ತಿಲ್ಲ ತಾನೆ? ಒಂಬತ್ತು ತಿಂಗಳಿಂದ ಈ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ.

ಮೈಸೂರಿನ ಆಸ್ಪತ್ರೆಯಲ್ಲಿ ಮೂರನೇ ದಿನ ಡಾಕ್ಟರು ಅವ್ವನನ್ನೂ ಅತ್ತಿಗೆಯನ್ನೂ ನನ್ನನ್ನೂ ಕೂರಿಸಿಕೊಂಡರು. ತಲೆಯೊಳಗೆ ರಕ್ತನಾಳ ಒಡೆದಿದೆ, ಎರಡು ಸಲ ಪರೀಕ್ಷೆ ಮಾಡಿದ್ದೇವೆ, ಮೆದುಳು ಪೂರ್ತಿ ಸತ್ತಿದೆ ಎಂದರು. ಅಂಗದಾನದ ಬಗ್ಗೆಯೂ ಕೇಳಿದರು. ಅವ್ವ ಎದ್ದು ನೆಟ್ಟಗೆ ನಿನ್ನ ಹಾಸಿಗೆಗೆ ನಡೆದು ನಿನ್ನ ಎದೆಯ ಮೇಲೆ ಅಂಗೈ ಇಟ್ಟಳು.

"ಒಡ್ಕತಾ ಅದೆ ಕಣವ್ವ. ಮೈ ಬೆಚ್ಚಗದೆ. ಉಸ್ರಾಡ್ತಾವ್ನೆ. ಸತ್ತೋದ ಅಂತ ಅಂದೋರ್ಯಾರು? ನೀನು ಮಕ್ಳಿಗೆ ಇದ್ನೇ ಅಲ್ವಾ ಯೇಳ್ಕೊಡೋದು, ನಂಗೂ ಯೇಳು."

ಹೇಳಿದೆ. ಹೃದಯ ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ, ಅದರ ಗೋಡೆಯಲ್ಲೇ ಬಡಿತ ಹುಟ್ಟಿಸುವ ಒಂದು ಪುಟ್ಟ ಜಾಗವಿದೆ. ಆಮ್ಲಜನಕವಿರುವ ರಕ್ತ ಸಿಗುವಷ್ಟು ಹೊತ್ತು ಬಡಿಯುತ್ತದೆ. ಉಸಿರಿಗೆ ಮಾತ್ರ ಮೆದುಳಿನ ಬುಡದಿಂದಲೇ ಆಜ್ಞೆ ಬರಬೇಕು. ಅದು ನಿಂತಿದೆ, ಈಗ ಉಸಿರಾಡಿಸುತ್ತಿರುವುದು ಯಂತ್ರ. ರಕ್ತ ಹರಿಯುತ್ತಿರುವುದರಿಂದ ಮೈ ಬೆಚ್ಚಗಿದೆ, ಮೂತ್ರಪಿಂಡಗಳು ಸೋಸುತ್ತಿವೆ. ಹಾಗೆ ಹೇಳುತ್ತಿರುವಾಗಲೇ ಮಂಚದ ಕೆಳಗಿನ ಚೀಲಕ್ಕೆ ನಳಿಗೆಯಿಂದ ಒಂದು ಹನಿ ಇಳಿಯಿತು. ಮೂವರೂ ಅದನ್ನೇ ನೋಡಿದೆವು.

"ಯಜಮಾನ ಒಂಟೋಗವ್ನೆ, ಒಳಗಿರೋರ್ಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅಂತೀಯಾ?" ಎಂದಳು ಅವ್ವ. ನಾನು ಹೌದೆಂದು ತಲೆಯಾಡಿಸಿದೆ.

ಮಾರನೆ ದಿನ ಮಧ್ಯಾಹ್ನ ಅವ್ವನೂ ಅತ್ತಿಗೆಯೂ ಊಟಕ್ಕೆ ಕೆಳಗೆ ಹೋಗಿದ್ದರು. ದಿಂಬು ಬದಲಿಸಲೆಂದು ನರ್ಸು ನಿನ್ನ ತಲೆ ಎತ್ತಿದಳು. ಆಗ ನಿನ್ನ ಬಲಗೈ ಮೇಲೆದ್ದಿತು. ದಿಗ್ಗನೆ ಅಲ್ಲ, ನೀರೊಳಗಿಂದ ಏಳುವ ಹಾಗೆ, ಮೆಲ್ಲಗೆ. ಮೊಣಕೈ ಮಡಚಿಕೊಂಡಿತು, ಬೆರಳುಗಳು ಬಿಚ್ಚಿಕೊಂಡವು, ಕೈ ಎದೆಯ ಹತ್ತಿರ ಬಂದು ನಿಂತಿತು. ಹಿಂದೆಯೇ ಎಡಗೈ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮುಖ ಒಬ್ಬರದು, ಕೈ ಇನ್ನೊಬ್ಬರದು ಅನ್ನಿಸಿತು. ನಾನು ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ತಾಗಿಸಿ ನಿಂತೆ. ಎರಡೂ ಕೈ ತಾವಾಗಿಯೇ ಜಾರಿ ಕೆಳಗೆ ಬಿದ್ದವು.

ಡಾಕ್ಟರು ಓಡಿ ಬಂದರು. ನಿನ್ನ ರೆಪ್ಪೆ ಬಿಡಿಸಿ ಟಾರ್ಚು ಹಾಕಿದರು. ಅಗಲವಾದ ಪಾಪೆ ಹಾಗೇ ಇತ್ತು. ಹತ್ತಿಯ ಎಳೆಯಿಂದ ಕಣ್ಣನ್ನೇ ಮುಟ್ಟಿದರು, ರೆಪ್ಪೆ ಮಿಟುಕಲಿಲ್ಲ. "ಬೆನ್ನುಮೂಳೆಯೊಳಗಿನ ಮೆದುಳುಬಳ್ಳಿ ಇನ್ನೂ ಬದುಕಿದೆ ಮೇಡಂ. ಕತ್ತು ಬಗ್ಗಿಸಿದಾಗ ಹೀಗಾಗುತ್ತೆ. ಕೈ ಎತ್ತಿದ್ದು ಅದು. ಅವರಲ್ಲ," ಎಂದರು.

ಅವರಲ್ಲ. ಬಿಸಿ ಪಾತ್ರೆಯಿಂದ ಕೈ ಹಿಂದೆ ಸರಿಯುವುದಕ್ಕೆ ಮೆದುಳು ಬೇಕಿಲ್ಲ, ಮೆದುಳುಬಳ್ಳಿಯೇ ಸಾಕು ಎಂದು ನಾನೇ ವರ್ಷ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನಲ್ಲ. ಆದರೂ ಅಣ್ಣಾ, ಬೇಡ ಅಂದೆಯಾ? ಯಾರನ್ನಾದರೂ ಕರೆದೆಯಾ? ಅಥವಾ...

ಊಟ ಮುಗಿಸಿ ಬಂದ ಅತ್ತಿಗೆ ಕಾಗದಕ್ಕೆ ಸಹಿ ಹಾಕಿದರು. ಕೈ ಎದ್ದ ಸಂಗತಿಯನ್ನು ನಾನು ಅವರಿಗೆ ಹೇಳಲಿಲ್ಲ. ಸಂಜೆ ನಿನ್ನನ್ನು ಆಪರೇಷನ್ ಕೋಣೆಯೊಳಗೆ ಕರೆದುಕೊಂಡು ಹೋಗುವಾಗ ಕೆನ್ನೆ ಮುಟ್ಟಿದೆ. ನಾಲ್ಕು ದಿನದ ಗಡ್ಡ ಚುಚ್ಚಿತು.

ನಿನ್ನ ಮೂತ್ರಪಿಂಡಗಳು ಇಬ್ಬರಿಗೆ ಹೋದವು, ಯಕೃತ್ತು ಒಬ್ಬರಿಗೆ. ಯಾರಿಗೆಂದು ಹೇಳುವುದಿಲ್ಲ, ಚೆನ್ನಾಗಿ ಕೆಲಸ ಮಾಡುತ್ತಿವೆ ಎಂದಷ್ಟೇ ತಿಳಿಸಿದರು. ಹುಣಸೂರಿನ ಬಸ್ಸಿನಲ್ಲಿ ಅಪರಿಚಿತರು ಪಕ್ಕಕ್ಕೆ ಬಂದು ಕೂತರೆ ನಾನು ಉಸಿರು ಬಿಗಿಹಿಡಿಯುತ್ತೇನೆ. ಅವರ ಅಂಗಿಯ ಒಳಗೆ, ಸುದ್ದಿ ಮುಟ್ಟದೆಯೇ ನೀನು ದುಡಿಯುತ್ತಿದ್ದರೆ?

ಮೊನ್ನೆ ಶುಕ್ರವಾರ ತರಗತಿಯಲ್ಲಿ ಬಿಸಿ ಪಾತ್ರೆಯ ಅದೇ ಪಾಠ ಬಂತು. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮಿಸ್, ಕೈ ಎಳ್ಕಂಡ್ ಮೇಲೆ ತಾನೆ ಸುಟ್ಟಿದ್ದು ಗೊತ್ತಾಗೋದು? ಅಂಗಾರೆ ಗೊತ್ತಾಗೋರು ಒಳಗೆ ಇಲ್ದೇ ಇದ್ರೂ ಎಳ್ಕತದಾ?" ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರಗೆ ಬಂದುಬಿಟ್ಟೆ.

ಶನಿವಾರ ನಿನ್ನ ಅಂಗಡಿಗೆ ಹೋದೆ. ಈಗ ಅಲ್ಲಿ ಅತ್ತಿಗೆ ಕೂತು ತಂತಿ ಸುತ್ತುತ್ತಾರೆ. ಅವ್ವ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅತ್ತಿಗೆ ತಂತಿ ಕೆಳಗಿಟ್ಟರು.

"ನನ್ ಮುಂದೂ ಕೈ ಎತ್ತಿದ್ರು," ಅಂದರು. "ಅವತ್ತೇ ಬೆಳಿಗ್ಗೆ. ಮೊಕ ಒರ್ಸೋಕೆ ಕತ್ತು ಎತ್ತಿದ್ನಲ್ಲ, ಆಗ. ನೀನು ಎದ್ರುಕತೀಯಾ ಅಂತ ಯೇಳ್ನಿಲ್ಲ. ಡಾಕ್ಟ್ರನ್ನ ಮೂರು ಸಲ ಕೇಳ್ದೆ. ಆಮೇಲೇ ಸೈನ್ ಆಕಿದ್ದು."

"ಕೈ ಎತ್ತಿದಾಗ ಏನು ಮಾಡಿದ್ರಿ ಅತ್ತಿಗೆ?"

"ಏನ್ ಮಾಡ್ಲಿ? ಇಡ್ಕಂಡೆ. ಇಳಿಯೋಗಂಟ ಇಡ್ಕಂಡಿದ್ದೆ."

ಅವ್ವ ಮೆಟ್ಟಿಲಿನಿಂದ ತಿರುಗಲಿಲ್ಲ. ರಸ್ತೆ ನೋಡುತ್ತಲೇ ಹೇಳಿದಳು: "ಕೂಸಿದ್ದಾಗ್ಲೂ ಅಂಗೇ ಕಣವ್ವ. ಬಾಗ್ಲು ದಡ್ ಅಂದ್ರೆ ಸಾಕು, ಎರಡೂ ಕೈ ಮ್ಯಾಕೆತ್ತಿ ಎದೆಗೆ ತರವ್ನು. ಕರೀತಾವ್ನೆ ಅಂತ ಓಡೋಯ್ತಿದ್ದೆ. ಕರೀತಿರ್ನಿಲ್ಲ, ಕೂಸಿನ ಕೈ ಏಳೋದೇ ಅಂಗೆ ಅಂತ ನಮ್ಮವ್ವ ನಗೋಳು. ಗೊತ್ತಾದ್ ಮ್ಯಾಲೂ ಓಡೋಗಿ ಎತ್ಕತಿದ್ದೆ ಬುಡು."

ಅತ್ತಿಗೆ ಮತ್ತೆ ತಂತಿ ಕೈಗೆತ್ತಿಕೊಂಡರು. ಇನ್ನು ನಿನ್ನನ್ನು ಆ ಪ್ರಶ್ನೆ ಕೇಳುವುದಿಲ್ಲ, ಅಣ್ಣಾ. ಸೋಮವಾರ ಆ ಹುಡುಗಿಗೆ ಉತ್ತರ ಕೊಡಬೇಕು. ಹೌದು, ಗೊತ್ತಾಗುವವರು ಒಳಗೆ ಇಲ್ಲದಿದ್ದರೂ ಕೈ ಏಳುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ ಎಂದು ಹೇಳುತ್ತೇನೆ.

ನಿನ್ನ,
ಅಮ್ಮಿ